ಎಲುಬನ್ನು ಹಿಡಿದುಕೊಂಡ ಗಾಜು

ಹಲ್ಲು ಕೀಳಿಸಿಕೊಂಡ ಹಿರಿಯರ ಕೆನ್ನೆ ಒಳಸರಿಯುವುದನ್ನು ನಾವೆಲ್ಲರೂ ನಮ್ಮ ಮನೆಗಳಲ್ಲಿಯೇ ಕಂಡಿದ್ದೇವೆ. ಹಲ್ಲಿನ ಬೇರು ಹೋದ ಮೇಲೆ ದವಡೆಯ ಎಲುಬು ಮೆಲ್ಲಮೆಲ್ಲನೆ ಸವೆಯುತ್ತದೆ. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಸಡಿಲವಾಗುವುದು ಇದರಿಂದಲೇ. ಕಳೆದುಹೋದ ಎಲುಬನ್ನು ಮರಳಿ ಪಡೆಯುವ ಪ್ರಯತ್ನ ಇಂದು ನಿನ್ನೆಯದಲ್ಲ. 1892ರಲ್ಲಿಯೇ ಜರ್ಮನಿಯ ಡ್ರೀಸ್ಮನ್ ಎಲುಬಿನ ಪೊಳ್ಳುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ್ದನು. ಮೊದಲ ಮಹಾಯುದ್ಧದಲ್ಲಿ ದವಡೆ ಒಡೆದ ಸೈನಿಕರಿಗೆ ಅವರದೇ ಸೊಂಟದ ಎಲುಬಿನ ತುಂಡನ್ನು ತೆಗೆದು ಕೂಡಿಸುತ್ತಿದ್ದರು. ಒಂದು ಗಾಯ ಮಾಯಲು ಇನ್ನೊಂದು ಗಾಯವಾಗಬೇಕಿತ್ತು!

ಹೊರಗಿನ ವಸ್ತುವಿನ ವಿಷಯದಲ್ಲಿ ಆ ಕಾಲದ ನಂಬಿಕೆ ಒಂದೇ: ಅದು ಮೈಯೊಳಗೆ ಏನನ್ನೂ ಮಾಡದೆ ತಟಸ್ಥವಾಗಿರಬೇಕು. ಆದರೆ ದೇಹವು ಅಂತಹ ವಸ್ತುವಿನ ಸುತ್ತ ನಾರಿನ ಪೊರೆ ಕಟ್ಟಿ ಅದನ್ನು ಪರಕೀಯವಾಗಿಯೇ ಇರಿಸುತ್ತಿತ್ತು.

ಈ ನಂಬಿಕೆ ಅಲುಗಿದ್ದು ಒಂದು ಬಸ್ಸಿನಲ್ಲಿ ಎಂದರೆ ಸೋಜಿಗವೆನಿಸೀತು. 1967ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಅವರು ಸಮ್ಮೇಳನವೊಂದಕ್ಕೆ ಹೊರಟಿದ್ದರು. ಪಕ್ಕದಲ್ಲಿದ್ದವರು ವಿಯೆಟ್ನಾಮಿನಿಂದ ಮರಳಿದ್ದ ಸೇನಾಧಿಕಾರಿ. ವಿಕಿರಣವನ್ನು ತಾಳುವ ವಸ್ತುಗಳನ್ನು ಮಾಡಬಲ್ಲವರು ಮನುಷ್ಯನ ಮೈ ತಳ್ಳಿಹಾಕದ ವಸ್ತುವನ್ನು ಮಾಡಲಾರಿರೇ ಎಂದು ಅವರು ಕೇಳಿದರು. ಹೆಂಚ್ ಅವರ ತರ್ಕ ಸರಳವಾಗಿತ್ತು. ಎಲುಬಿನ ಖನಿಜ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನದು. ಅದೇ ಪದರವನ್ನು ತನ್ನ ಮೈಮೇಲೆ ಬೆಳೆಸಿಕೊಳ್ಳುವ ವಸ್ತುವನ್ನು ದೇಹವೇಕೆ ದೂರವಿಡಬೇಕು? 1969ರಲ್ಲಿ ತೂಕದಲ್ಲಿ ಶೇ. 45 ಸಿಲಿಕಾ, ಶೇ. 24.5ರಷ್ಟು ಸೋಡಿಯಂ ಆಕ್ಸೈಡ್, ಅಷ್ಟೇ ಸುಣ್ಣ, ಶೇ. 6 ರಂಜಕದ ಆಕ್ಸೈಡ್ ಬೆರೆಸಿ ಗಾಜು ಕರಗಿಸಿದರು. ವೈದ್ಯ ಟೆಡ್ ಗ್ರೀನ್ಲೀ ಅದನ್ನು ಇಲಿಗಳ ತೊಡೆಯೆಲುಬಿನಲ್ಲಿ ಇರಿಸಿದರು. ಆರು ವಾರಗಳ ತರುವಾಯ ಕೀಳಹೋದರೆ ಗಾಜು ಬರಲೊಲ್ಲದು! ಅದರ ಮೇಲ್ಮೈಯಿಂದ ಸೋಡಿಯಂ ಹೊರಬಿದ್ದು, ಎಲುಬಿನಂತಹ ಖನಿಜಪದರ ಮೂಡಿ, ದೇಹದ ನಾರುಗಳು ಅದರೊಡನೆ ಹೆಣೆದುಕೊಂಡಿದ್ದವು. ಕಾಲಿಗೆ ಚುಚ್ಚಿದ ಗಾಜಿನ ಚೂರಿಗೆ ಹೆದರುವ ನಮಗೆ ಇದನ್ನು ನಂಬುವುದೇ ಕಷ್ಟ.

ದವಡೆಯ ಸರದಿ ಬಂದದ್ದು ನಿಧಾನವಾಗಿ. 1988ರಲ್ಲಿ ಹಲ್ಲು ಕಿತ್ತ ಗುಳಿಗಳಲ್ಲಿ ಇರಿಸಲು ಈ ಗಾಜಿನ ಸಣ್ಣ ಶಂಕುಗಳು ಬಂದವು. 1993ರಲ್ಲಿ ವಸಡಿನ ರೋಗದಿಂದ ಎಲುಬಿನಲ್ಲಾದ ಕುಳಿಗಳನ್ನು ತುಂಬಲು ಪುಡಿ ಬಂದಿತು.

ಇದನ್ನು ಸರ್ವೌಷಧಿಯೆಂದು ಹೊಗಳುವವರ ಮಾತನ್ನು ನಾವು ಒಪ್ಪಲಾರೆವು. ಗಾಜು ಪೆಡಸು, ಭಾರ ತಾಳದು. ಸುತ್ತಲೂ ಎಲುಬಿನ ಗೋಡೆಯಿರುವ ಕುಳಿಯಲ್ಲಿ ಮಾತ್ರ ಅದರ ಆಟ. ತಂಬಾಕಿನ ಚಟದಿಂದ ಬಾಯಿಗೆ ಕ್ಯಾನ್ಸರ್ ತಗುಲಿ ದವಡೆಯ ಭಾಗವನ್ನೇ ಕತ್ತರಿಸಿದವರಿಗೆ, 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ತೋರಿಸಿದ ದಾರಿಯಂತೆ, ಮೊಣಕಾಲ ಕೆಳಗಿನ ಸಣ್ಣ ಎಲುಬನ್ನು ರಕ್ತನಾಳಸಹಿತ ತೆಗೆದು ದವಡೆಯ ಆಕಾರಕ್ಕೆ ಕಡಿದು ಜೋಡಿಸುತ್ತಾರೆ. ಅಲ್ಲಿ ಇಂದಿಗೂ ಎರಡು ಗಾಯಗಳು ಮಾಯಬೇಕು.