ಸೂರಿನ ಹೆಂಚು ಹೇಳಿದ ಪಾಠ



ಕಳೆದ ಮಳೆಗಾಲದ ಒಂದು ರಾತ್ರಿ ಕೆಂಗೇರಿ ಉಪನಗರದ ನಮ್ಮ ಮನೆಯ ನಡುಮನೆಯಲ್ಲಿ ಸೂರಿನಿಂದ ಹೆಂಚೊಂದು ಕಳಚಿ ಬಿದ್ದಿತು. ಸಂಜೆಯವರೆಗೂ ಮೊಮ್ಮಗಳು ಕುಳಿತು ಚಿತ್ರ ಬರೆಯುತ್ತಿದ್ದ ಜಾಗವದು. ಬೆಳಗಾಗುತ್ತಲೇ ಮಗ, "ಅಪ್ಪಾ, ಕೆಳಗಡೆಯಿಂದ ಜಿಪ್ಸಂ ಸೀಲಿಂಗ್ ಹಾಕಿಸಿಬಿಡೋಣ, ಎಲ್ಲ ಮುಚ್ಚಿಹೋಗುತ್ತೆ" ಎಂದ. ಆ 'ಮುಚ್ಚಿಹೋಗುತ್ತೆ' ಎಂಬ ಮಾತೇ ನನ್ನನ್ನು ಯೋಚನೆಗೆ ಹಚ್ಚಿತು.

ಆ ಹೆಂಚುಗಳು ಮಲೆನಾಡಿನ ನಮ್ಮ ಹಳೆಯ ಮನೆಯವು. 1991ರಲ್ಲಿ ಆ ಮನೆಯನ್ನು ಇಳಿಸಿದಾಗ ಸೀಲಿಂಗ್ ಹೆಂಚುಗಳನ್ನೂ, ನೆನಪಿಗೆಂದು ಒಂದು ಮೇಲ್ಹೆಂಚನ್ನೂ ಲಾರಿಯಲ್ಲಿ ತಂದಿದ್ದೆ. ಮೇಲ್ಹೆಂಚಿನ ಮೇಲೆ '1865' ಎಂಬ ಮುದ್ರೆಯಿದೆ. ಅದನ್ನು ಕಂಡ ಶಿಷ್ಯನೊಬ್ಬ, "ಸಾರ್, ನೂರೈವತ್ತು ವರ್ಷದ ಹೆಂಚು!" ಎಂದು ಬೆರಗಾಗಿದ್ದ. ಅಲ್ಲಿಯೇ ಇತಿಹಾಸದ ಒಂದು ಸಣ್ಣ ಪಾಠವಿದೆ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರಗೊಂಡವರಲ್ಲಿ ಅನೇಕರು ಕುಲಕಸುಬನ್ನೂ ಬಂಧುಗಳ ಆಸರೆಯನ್ನೂ ಕಳೆದುಕೊಂಡರು. ಅವರಿಗೆ ಉದ್ಯೋಗ ಕಲ್ಪಿಸಲು ನೇಯ್ಗೆ, ಮುದ್ರಣಗಳೊಡನೆ ಹೆಂಚಿನ ಉದ್ಯಮವೂ ಹುಟ್ಟಿತು. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ತಂತ್ರಜ್ಞ 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆಯನ್ನು ಆರಂಭಿಸಿದನು. ನೇತ್ರಾವತಿಯ ತೀರದ ಜೇಡಿಮಣ್ಣು, ಘಟ್ಟದ ಸೌದೆ, ಸಮೀಪದ ಬಂದರು ಮೂರೂ ಅನುಕೂಲಿಸಿದವು. ಮುದ್ರೆಯ ಇಸವಿ ಕಾರ್ಖಾನೆ ಸ್ಥಾಪನೆಯಾದ ವರ್ಷವೇ ಹೊರತು ಹೆಂಚನ್ನು ಸುಟ್ಟ ವರ್ಷವಲ್ಲ. ನನ್ನ ಹೆಂಚಿನ ಮೇಲಿರುವುದು ಕಾಮನ್‌ವೆಲ್ತ್ ಟ್ರಸ್ಟಿನ ಹೆಸರು. ಮೊದಲ ಮಹಾಯುದ್ಧದ (1914–18) ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು, ಆನಂತರ ಈ ಟ್ರಸ್ಟಿಗೆ ವಹಿಸಿತು. ಆದ್ದರಿಂದ ಈ ಹೆಂಚು ಎಷ್ಟೇ ಹಳೆಯದಾದರೂ ಯುದ್ಧದಿಂದೀಚಿನದು.

ಹಳೆಯ ಮನೆಯಲ್ಲಿ ಮೇಲೆ ಮಂಗಳೂರು ಹೆಂಚು, ಅದರಡಿ ರೀಪುಗಳ ಮೇಲೆ ಚಪ್ಪಟೆಯಾದ ಸೀಲಿಂಗ್ ಹೆಂಚು. ನಡುವಿನ ಗಾಳಿ ಬಿಸಿಲಿನ ಝಳವನ್ನು ತಡೆಯುತ್ತಿತ್ತು. ಮೇಲೊಂದು ಹೆಂಚು ಒಡೆದರೆ ಕೆಳಗಿನದರಲ್ಲಿ ತೇವದ ಕಲೆ ಮೂಡುತ್ತಿತ್ತು; ದೋಷ ಎಲ್ಲಿದೆಯೆಂದು ಸೂರೇ ತೋರಿಸಿಕೊಡುತ್ತಿತ್ತು. ಪ್ರತಿವರ್ಷ ಮಳೆಗೆ ಮುನ್ನ ತಂದೆಯವರು ಮಾಡಿನ ಮೇಲೆ ಆಳು ಹತ್ತಿಸಿ ಹೆಂಚು ಕೈಯಾಡಿಸುತ್ತಿದ್ದರು. ಕೆಳಗೆ ನಿಂತು ಹೆಂಚು ಕೊಡುವ ಕೆಲಸ ನನ್ನದು.

1992ರಲ್ಲಿ ಇಲ್ಲಿ ಮನೆ ಕಟ್ಟಿದಾಗ ಸೆಂಟ್ರಿಂಗ್ ಹಲಗೆಗಳ ಮೇಲೆ ಅವೇ ಸೀಲಿಂಗ್ ಹೆಂಚುಗಳನ್ನು ಮುಖ ಕೆಳಗಾಗಿ ಜೋಡಿಸಿ, ಮೇಲೆ ಕಂಬಿ ಕಟ್ಟಿ ಕಾಂಕ್ರೀಟು ಸುರಿದರು. ಕಾಂಕ್ರೀಟು ಉಳಿಸಲು ತಾರಸಿಯೊಳಗೆ ಹೆಂಚು ತುಂಬುವ ಕ್ರಮವನ್ನು ಕೇರಳದಲ್ಲಿ ಲಾರಿ ಬೇಕರ್ ಜನಪ್ರಿಯಗೊಳಿಸಿದ್ದರು. ನೋಡಲು ಸೊಗಸಾಗಿತ್ತು. ಆದರೆ ಎತ್ತಿ ಬದಲಿಸಬಹುದಾಗಿದ್ದ ಹೆಂಚು ಈಗ ತಾರಸಿಗೇ ಅಂಟಿಕೊಂಡಿತ್ತು. ಮೇಲಿನಿಂದ ನೀರು ಇಳಿದರೆ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಹೆಂಚನ್ನು ಹೊರಗೆ ತಳ್ಳುತ್ತದೆ.

ಬಂದ ಮೇಸ್ತ್ರಿ ಬಿದಿರುಕೋಲಿನಿಂದ ಒಂದೊಂದನ್ನೂ ತಟ್ಟಿ ಕಿವಿಗೊಟ್ಟ. ಹನ್ನೊಂದು ಹೆಂಚುಗಳು ಟೊಳ್ಳು ಸದ್ದು ಕೊಟ್ಟವು. ಅವನ್ನು ಬಿಡಿಸಿ, ಕಂಬಿಯ ತುಕ್ಕನ್ನು ಉಜ್ಜಿ ತೆಗೆದ. ಬಳಿಕ ತಾರಸಿಗೆ ಹತ್ತಿ ನನ್ನನ್ನೂ ಕರೆದ. ನೀರು ಹೋಗುವ ಕೊಳವೆಯ ಬಾಯಲ್ಲಿ ತರಗೆಲೆ ಕೊಳೆತು, ಪಕ್ಕದಲ್ಲೇ ಬಿರುಕು ಬಿಟ್ಟಿತ್ತು. "ಎಷ್ಟು ವರ್ಷವಾಯಿತು ಸಾರ್, ಇದನ್ನು ನೋಡಿ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯ ಹೆಂಚನ್ನು ತಂದಿದ್ದೆ. ಅವರ ಕ್ರಮವನ್ನು ಊರಲ್ಲೇ ಬಿಟ್ಟು ಬಂದಿದ್ದೆ.

ಮೊದಲು ಬಿರುಕು ಮುಚ್ಚಿ, ಕೊಳವೆಯತ್ತ ಇಳಿಜಾರು ಸರಿಪಡಿಸಿ, ಸೂರು ಪೂರ್ತಿ ಒಣಗಿದ ಮೇಲಷ್ಟೇ ಆ ಜಾಗಗಳಿಗೆ ಗಾರೆ ಬಳಿಸಿದೆವು. ಹೆಂಚನ್ನು ಮತ್ತೆ ಅಂಟಿಸಲಿಲ್ಲ. ಜಿಪ್ಸಂ ಸೀಲಿಂಗಿಗೆ ಮಗನೂ ಮತ್ತೆ ಒತ್ತಾಯಿಸಲಿಲ್ಲ.

ಸೂರಿನಲ್ಲೀಗ ಅಲ್ಲಲ್ಲಿ ಬಿಳಿಯ ಚೌಕಗಳಿವೆ. ಬಂದವರು ಕೇಳಿದರೆ ಈ ಕಥೆಯನ್ನು ಹೇಳುತ್ತೇನೆ. ಮುಂಗಾರಿಗೆ ಮೊದಲು ನೀವೂ ಒಮ್ಮೆ ತಾರಸಿಗೆ ಹತ್ತಿ ನೋಡಿ. ಸೂರಿಗೆ ಹೆಂಚಿದ್ದರೆ ತಟ್ಟಿ ಕೇಳಿ. ಮನೆಪಾಠವೆಂದೇ ತಿಳಿಯಿರಿ.