ಸ್ತನ ಕ್ಯಾನ್ಸರಿನ ನಂತರದ ಮನೋವೇದನೆ: ನಂಜನಗೂಡು, ತಿ. ನರಸೀಪುರ ಸೀಮೆಯಿಂದ ಒಂದು ಚಾರಿತ್ರಿಕ ನೋಟ

ಸ್ತನ ಕ್ಯಾನ್ಸರಿನ ಚರಿತ್ರೆಯನ್ನು ಬಹುಕಾಲ ಬರೆದವರು ಶಸ್ತ್ರವೈದ್ಯರು. 1890ರ ದಶಕದಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಪ್ರಚಾರಕ್ಕೆ ತಂದ ವಿಧಾನದಲ್ಲಿ ಸ್ತನದೊಡನೆ ಎದೆಯ ಸ್ನಾಯು, ಕಂಕುಳ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಬದುಕುಳಿದ ಹೆಂಗಸಿನ ಮನಸ್ಸು ಸಂಶೋಧನೆಯ ವಿಷಯವಾದದ್ದು 1950ರ ದಶಕದಲ್ಲಿ. 1978ರಲ್ಲಿ ಮ್ಯಾಂಚೆಸ್ಟರಿನ ಪೀಟರ್ ಮ್ಯಾಗೈರ್ ಮತ್ತು ಸಂಗಡಿಗರು, ಸ್ತನ ತೆಗೆಸಿಕೊಂಡ ಒಂದು ವರ್ಷದ ನಂತರ ನಾಲ್ವರಲ್ಲಿ ಒಬ್ಬರಿಗೆ ಆತಂಕ ಅಥವಾ ಖಿನ್ನತೆಗೆ ಚಿಕಿತ್ಸೆ ಬೇಕಿತ್ತೆಂದು ತೋರಿಸಿದರು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಅಲ್ಲಿನ ರೋಗಿಗಳ ಮನಃಸ್ಥಿತಿಯನ್ನು 1990ರ ದಶಕದಲ್ಲಿ ನಿಮ್ಹಾನ್ಸ್‌ನ ಪ್ರಭಾ ಚಂದ್ರ, ಸಂತೋಷ್ ಚತುರ್ವೇದಿ ಮೊದಲಾದವರು ಅಧ್ಯಯನ ಮಾಡಿದರು. ಅವರು ಮಾತನಾಡಿಸಿದ್ದು ಹೆಚ್ಚಾಗಿ ವಿಕಿರಣ ಚಿಕಿತ್ಸೆಯಲ್ಲಿದ್ದವರನ್ನು, ನಮ್ಮ ಜನರ ಮಾತಿನಲ್ಲಿ ಹೇಳುವುದಾದರೆ ‘ಕರೆಂಟು ಕೊಡಿಸಿಕೊಳ್ಳುತ್ತಿದ್ದವರನ್ನು’. ಚಿಕಿತ್ಸೆ ಮುಗಿಸಿದ ಮಹಿಳೆಯರ ದೇಹಭಾವ, ಕೂದಲು ಉದುರುವ ಸಂಕಟ, ಉಡುಪಿನ ಮುಜುಗರಗಳನ್ನು ಮಿಶೆಲ್ ಬರ್ತಾಕುರ್ ಮತ್ತು ಸಂಗಡಿಗರು 2017ರಲ್ಲಿ ದಾಖಲಿಸಿದರು. ಅದು ನಗರದ ಮಹಿಳೆಯರ ದನಿ.

ಕಪಿಲೆಯ ದಂಡೆಯ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹೆಂಗಸು ಚಿಕಿತ್ಸೆಗೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಕಡತ ಅಲ್ಲಿ ಉಳಿಯುತ್ತದೆ, ನೋವು ಊರಿಗೆ ಬರುತ್ತದೆ. ಕಂಕುಳ ಗ್ರಂಥಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತೋಳು ಬಾತುಕೊಳ್ಳುತ್ತದೆ. ನಾಲೆಯ ಬಯಲಿನಲ್ಲಿ ಭತ್ತದ ಪೈರು ನಾಟಿ ಮಾಡುವವಳಿಗೆ, ರೇಷ್ಮೆಹುಳಕ್ಕೆ ಸೊಪ್ಪು ಹೊರುವವಳಿಗೆ ಬಲಗೈ ಸೋತರೆ ಕೂಲಿಯೂ ಹೋಯಿತು, ಮನೆಯಲ್ಲಿದ್ದ ಮಾತಿನ ತೂಕವೂ ಹೋಯಿತು. ನಗರದ ಅಧ್ಯಯನಗಳು ಒತ್ತುಕೊಡುವ ದೇಹಭಾವದ ಪ್ರಶ್ನೆಗಿಂತ ದುಡಿಮೆಯ ಈ ಪ್ರಶ್ನೆಯೇ ಇಲ್ಲಿ ಮುಂದೆ ನಿಲ್ಲಬೇಕೆಂಬುದು ನನ್ನ ನಿಲುವು. ಕೂದಲಿನ ವಿಷಯವೂ ಇಲ್ಲಿ ಬೇರೆಯೇ. ನಂಜುಂಡೇಶ್ವರನಿಗೆ ಮುಡಿ ಕೊಡುವ ಹರಕೆ ಜೀವಂತವಾಗಿರುವ ಊರಿನಲ್ಲಿ ಬೋಳುತಲೆಗೆ ಒಂದು ಗೌರವದ ಅರ್ಥವಿದೆ. ಔಷಧಿಗೆ ಕೂದಲು ಕಳೆದುಕೊಂಡವಳಿಗೆ ಆ ಅರ್ಥ ಆಸರೆಯಾಗುತ್ತದೆಯೇ ಎಂದು ಸಂಶೋಧಕರು ಅವಳನ್ನೇ ಕೇಳಬೇಕು.

ಕ್ಯಾನ್ಸರ್ ಮತ್ತೆ ಬಂದೀತೆಂಬ ಭಯವನ್ನು ‘ಅತಿಯಾದ ಯೋಚನೆ’ ಎಂದು ತಳ್ಳಿಹಾಕುವಂತಿಲ್ಲ. ಹಾರ್ಮೋನಿಗೆ ಸ್ಪಂದಿಸುವ ಬಗೆಯ ಗಡ್ಡೆ ಇಪ್ಪತ್ತು ವರ್ಷದವರೆಗೂ ಮರುಕಳಿಸಬಲ್ಲದೆಂದು 2017ರ ಅಂತರರಾಷ್ಟ್ರೀಯ ವಿಶ್ಲೇಷಣೆಯೊಂದು ತೋರಿಸಿದೆ. ಅದನ್ನು ತಡೆಯಲು ಐದರಿಂದ ಹತ್ತು ವರ್ಷ ಮಾತ್ರೆ ನುಂಗುವವಳಿಗೆ ಪ್ರತಿ ಮಾತ್ರೆಯೂ ಆ ಭಯವನ್ನು ನೆನಪಿಸಬಹುದು.

ಈ ನೋವಿಗೆ, ಭಯಕ್ಕೆ ಕಿವಿಗೊಡಲು ಬೇಕಾದ ವ್ಯವಸ್ಥೆ ಪೂರ್ತಿ ಹೊಸದಾಗಬೇಕಿಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗದಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆಯಿತು. ಕರ್ನಾಟಕದ ಮನೋಚೈತನ್ಯ ಯೋಜನೆ ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಕರೆತರುವ ಉದ್ದೇಶದಿಂದ ಹುಟ್ಟಿತು. ಮೂವತ್ತು ದಾಟಿದ ಹೆಂಗಸರ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ಗಂಟು ಇದೆಯೇ ಎಂದು ಕೇಳುವ ಅವರು, ಚಿಕಿತ್ಸೆ ಮುಗಿಸಿದವಳ ನಿದ್ದೆ, ತೋಳು, ಭಯಗಳನ್ನೂ ವರ್ಷಗಟ್ಟಲೆ ವಿಚಾರಿಸುವಂತಾಗಬೇಕು. ಆ ಉತ್ತರ ಕ್ಯಾನ್ಸರ್ ಆಸ್ಪತ್ರೆಯ ಕಡತಕ್ಕೂ ಸೇರಬೇಕು. ಅಲ್ಲಿಯವರೆಗೆ, ಇಂಥ ಸಂಕಟದಲ್ಲಿರುವವರು 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಿಲ್ಲ.