‘ಇಚಾರ ಮಾಡಿ ಹೇಳ್ತೇನ್ರಿ’ ಅಂದರೆ ಏನು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಹೊಲ ಕೊಡ್ತೀರಾ ಅಂತ ಕೇಳಿ ನೋಡಿ, ಮಗಳ ಸಂಬಂಧದ ಮಾತು ಎತ್ತಿ ನೋಡಿ. ಬರೋ ಉತ್ತರ ಒಂದೇ: “ಇಚಾರ ಮಾಡಿ ಹೇಳ್ತೇನ್ರಿ.” ಬೆಂಗಳೂರಿನ ಕಿವಿಗೆ ಇದು ‘ಯಾರನ್ನೋ ವಿಚಾರಿಸಿ ಹೇಳ್ತಾರೆ’ ಅಂತ ಕೇಳಿಸುತ್ತೆ. ಅಲ್ಲಿ ‘ವಿಚಾರ’ ಅಂದರೆ ವಿಷಯ, ಇಲ್ಲವೇ ವಿಚಾರಣೆ. ಯೋಚಿಸೋದಕ್ಕೆ ‘ಯೋಚನೆ’ ಇದೆಯಲ್ಲ! ನಮ್ಮ ಬೆಳಗಾವಿ ಕಡೆ ಮಾತ್ರ ಆಳವಾಗಿ ಯೋಚಿಸೋದೇ ವಿಚಾರ.

ಇದು ಮರಾಠಿ ಪ್ರಭಾವ ಅಂತ ಕೆಲವರು ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ಪೂರ್ತಿ ಸುಳ್ಳಲ್ಲ. ಮರಾಠಿಯಲ್ಲೂ ಯೋಚಿಸೋದಕ್ಕೆ ‘ವಿಚಾರ್ ಕರಣೆ’ ಅಂತಾರೆ. ಈ ಸೀಮೆ ಪೇಶ್ವೆಗಳ ಕಾಲ ನೋಡಿತು, 1818ರ ನಂತರ ಬ್ರಿಟಿಷರ ಮುಂಬೈ ಪ್ರಾಂತ್ಯಕ್ಕೆ ಸೇರಿತು, 1956ರ ನವೆಂಬರ್ 1ರ ತನಕ ಅಲ್ಲೇ ಇತ್ತು. ಕಚೇರಿ, ಸಂತೆ, ಬೀಗತನ ಎಲ್ಲದರಲ್ಲೂ ಎರಡು ಭಾಷೆ ಹಾಸುಹೊಕ್ಕು. ಆದರೆ ಪದ ಅದಕ್ಕಿಂತ ಬಹಳ ಹಳೆಯದು. ಸಂಸ್ಕೃತದ ‘ಚರ್’ ಧಾತುವಿಗೆ ಸಂಚರಿಸು ಅಂತ ಅರ್ಥ. ವಿಚಾರ ಅಂದರೆ ಮನಸ್ಸು ಒಂದು ವಿಷಯದ ಸುತ್ತ ಓಡಾಡೋದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಶುಕ್ಲಧ್ಯಾನದ ಪ್ರಸ್ತಾಪ ಬಂದಾಗ ‘ವೀಚಾರ’ ಅನ್ನೋ ಪದಕ್ಕೆ ಹೆಚ್ಚುಕಡಿಮೆ ಇದೇ ವಿವರಣೆ ಇದೆ: ಅರ್ಥದಿಂದ ಅರ್ಥಕ್ಕೆ, ಶಬ್ದದಿಂದ ಶಬ್ದಕ್ಕೆ ದಾಟೋದು. ಜೈನ ಬಸದಿಗಳಿಗೆ ಆಶ್ರಯ ಕೊಟ್ಟ ರಟ್ಟರು ಆಳಿದ ಕೂಂಡಿ ಮೂರು ಸಾವಿರ ನಾಡು ಇದು. ಗೋಕಾಕ ಹತ್ತಿರದ ಕೊಣ್ಣೂರಲ್ಲೂ ಅವರ ಕಾಲದ ಶಾಸನಗಳಿವೆ. ಹಾಗಾಗಿ ಮರಾಠಿ ಈ ಪದವನ್ನು ನಮಗೆ ಕೊಡಲಿಲ್ಲ, ಒಂದು ಹಳೇ ಅರ್ಥ ಮಾಸದ ಹಾಗೆ ನೋಡಿಕೊಂಡಿತು ಅಷ್ಟೇ ಅಂತ ನನ್ನ ಊಹೆ.

ಇದರ ಅಣ್ಣತಮ್ಮಂದಿರ ಕಥೆಯೂ ಮಜವಾಗಿದೆ. ‘ಚಿಂತೆ’ಯ ಮೂಲ ಅರ್ಥವೂ ಆಲೋಚನೆಯೇ. ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿ ನೆನಪಿಸಿಕೊಳ್ಳಿ, ಅಲ್ಲಿನ ಚಿಂತೆ ಗೋಳಲ್ಲ. ನಮ್ಮ ಬಾಯಲ್ಲಿ ಅದು ‘ಚಿಂತಿ’ಯಾಗಿ ಬರೀ ಕಳವಳವಾಯಿತು. ಆಮೇಲೆ ಆಕಾಶವಾಣಿಯ ಬೆಳಗಿನ ‘ಚಿಂತನ’ ಕಾರ್ಯಕ್ರಮದ ಮೂಲಕ ಅದೇ ಧಾತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮನೆಗೆ ವಾಪಸು ಬಂತು! ಇನ್ನು ‘ಧ್ಯಾಸ’. ಧ್ಯಾನ, ನಿದಿಧ್ಯಾಸನಗಳ ಬಳಗದ್ದು. ವೇದಾಂತದಲ್ಲಿ ಶ್ರವಣ, ಮನನ ಆದ ಮೇಲೆ ಬರೋದು ನಿದಿಧ್ಯಾಸನ. ಮರಾಠಿಯಲ್ಲಿ ಧ್ಯಾಸ ಅಂದರೆ ಬಿಡದ ಹಂಬಲ. ನಮ್ಮಲ್ಲಿ ಒಲೆ ಮೇಲಿನ ಹಾಲು ಉಕ್ಕಿದರೆ “ಎಲ್ಲೇತಿ ನಿನ್ನ ಧ್ಯಾಸ?” ಅಂತ ಬೈತಾರೆ. ಮಠದ ಪದ ಅಡಿಗೆಮನೆಯಲ್ಲಿ ಹೀಗೆ ಬದುಕಿದೆ.

ಚಿಂತಿಗೂ ವಿಚಾರಕ್ಕೂ ಇರೋ ಫರಕು ನಿಘಂಟಿನಲ್ಲಿ ಮುಗಿಯೋದಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದೊಳಗೆ ನೀರು ನುಗ್ಗಿತು. ಹೊಳೆ ಇಳಿದ ಮೇಲೆ ಎಷ್ಟೋ ಮನೆಗಳ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಇದೇ ಜಾಗದಲ್ಲಿ ಮತ್ತೆ ಗೋಡೆ ಎಬ್ಬಿಸೋದೋ, ಎತ್ತರಕ್ಕೆ ಹೋಗೋದೋ? ರಾತ್ರಿ ನಿದ್ದೆ ಕೆಡಿಸೋದು ಚಿಂತಿ. ಅದು ಒಬ್ಬೊಬ್ಬರ ಎದೆಯಲ್ಲಿ ಒಂದೇ ಕಡೆ ಕೂತು ಕೊರೆಯುತ್ತೆ. ವಿಚಾರಕ್ಕೆ ಹಿರಿಯರು ಬೇಕು, ಮನೆ ಹೆಣ್ಣುಮಕ್ಕಳು ಬೇಕು, ಕಟ್ಟೆ ಬೇಕು, ನಾಲ್ಕು ದಿನ ಬೇಕು. ‘ಚರ್’ ಅಲ್ವಾ, ಓಡಾಡಬೇಕು! ಹೊಲ ಮಾರೋದಿರಲಿ, ಸಾಲ ತರೋದಿರಲಿ, ಆ ನಾಲ್ಕು ದಿನ ಸಿಗದಿದ್ದರೆ ಚಿಂತಿಯೇ ನಿರ್ಧಾರ ಮಾಡಿಬಿಡುತ್ತೆ. ಅಂಥ ನಿರ್ಧಾರದ ಬೆಲೆ ಏನು ಅಂತ ರೈತರ ಮನೆಗಳಿಗೆ ಗೊತ್ತು.

ನಮ್ಮ ಸಾಫ್ಟ್‌ವೇರ್ ಆಫೀಸುಗಳಲ್ಲಿ ಹತ್ತು ನಿಮಿಷದ ಮೀಟಿಂಗಿನಲ್ಲಿ ಉತ್ತರ ಬೇಕು. ಅಲ್ಲಿ ‘ಯೋಚನೆ ಮಾಡಿ ಹೇಳ್ತೀನಿ’ ಅಂದರೆ ಹಿಂಜರಿತ ಅಂತ ಲೆಕ್ಕ. ಊರಲ್ಲೂ ಈಗ ‘ಇಚಾರ ಮಾಡೂನು ತಗೋರಿ’ ಅನ್ನೋದು ಎಷ್ಟೋ ಸಲ ಮರ್ಯಾದೆಯಿಂದ ‘ಒಲ್ಲೆ’ ಅನ್ನೋ ದಾರಿ. ಒಂದು ಪದ ನೆಪವಾಗಿ ಸವೆದರೆ ಅದರ ಹಿಂದಿನ ರೂಢಿಯೂ ಸವೆಯುತ್ತೆ ಅನ್ನೋದೇ ನನ್ನ ಆತಂಕ. ನಾವು ಎಲ್ಲೇ ಕೆಲಸ ಮಾಡಲಿ, ಆ ನಾಲ್ಕು ದಿನ ಕೇಳೋದಕ್ಕೆ ನಾಚಿಕೊಳ್ಳಬಾರದು.

ಅಂದ ಹಾಗೆ, ನಿಮ್ಮ ಕಡೆ ಇದಕ್ಕೆ ಏನಂತೀರಿ? ಮಂಡ್ಯದ, ಮಂಗಳೂರಿನ, ಕಾಸರಗೋಡಿನ ಗೆಳೆಯರೇ, ವಿಚಾರ ಮಾಡಿ ಹೇಳಿ… ಅವಸರ ಇಲ್ಲ!